ಕೋಟೆ ಸಿನಿಮಾದ ಶಾಲು

ಪೇಂಟರನದು ಮನೆಗಳ ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಹಳೆಯ ಗೋಡೆಯನ್ನು ಹೊಸದರಂತೆ ಕಾಣುವ ಹಾಗೆ ಮಾಡುವುದೇ ಅವನ ಕಸುಬು. ಅವನ ಅತ್ತೆ ಮೂವತ್ತೊಂದು ವರ್ಷ ಮಾಡಿದ್ದು ಅದಕ್ಕೆ ತೀರಾ ತದ್ವಿರುದ್ಧವಾದ ಕೆಲಸ. ತಮಿಳು ಸಿನಿಮಾಗಳಲ್ಲಿ ರಾಜರ ಕಾಲದ ಕಥೆ, ಉಗಿಬಂಡಿಯ ಕಾಲದ ಕಥೆ ಬಂದಾಗ ಹೊಚ್ಚ ಹೊಸ ಬಟ್ಟೆಯನ್ನು ಹಳೆಯದು ಮಾಡಿ ಕೊಡುವವರು ಅವರು. ಬೇರಿನ ಕಷಾಯದಲ್ಲಿ ಅದ್ದಿ, ತುಕ್ಕಿನ ನೀರು ಚಿಮುಕಿಸಿ, ಮೊಣಕೈ ಹತ್ತಿರ ಇಟ್ಟಿಗೆ ಚೂರಿನಿಂದ ಉಜ್ಜಿ, ನಿನ್ನೆ ಅಂಗಡಿಯಿಂದ ತಂದ ಅಂಗಿಯನ್ನು ಅಜ್ಜನ ಕಾಲದ್ದು ಎನ್ನಿಸಿಬಿಡುತ್ತಿದ್ದರು.

ಆಮೇಲೆ ಅವರ ಕಣ್ಣು ಮಬ್ಬಾಗುತ್ತ ಬಂತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಉಳಿದಿತ್ತು. ಮಗಳು ಹೋಗಿ ಕರೆದುಕೊಂಡು ಬಂದಳು. ಬಂದು ಒಂದು ವರ್ಷವಾದರೂ ಅತ್ತೆ ಅಳಿಯನ ನಡುವೆ ಮಾತು ಬೆಳೆಯಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತು ಅಳಿಯಂದ್ರೆ." ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಜಗಳವೇನೂ ಇರಲಿಲ್ಲ. ಏನು ಮಾತಾಡಬೇಕು ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ, ಅಷ್ಟೆ.

ಅದು ಬದಲಾದದ್ದು ಪೇಂಟರ್ ಏಣಿಯಿಂದ ಜಾರಿ ಪಾದದ ಗೆಣ್ಣು ಮುರಿದುಕೊಂಡ ಮೇಲೆ. ಆರು ವಾರ ಪ್ಲಾಸ್ಟರು. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಕಾಲು ಚಾಚಿಕೊಂಡು ಅಳಿಯ, ಕುರ್ಚಿಯಲ್ಲಿ ನೆಟ್ಟಗೆ ಕೂತು ಅತ್ತೆ. ಮಧ್ಯಾಹ್ನ ಅತ್ತೆ ಟೀವಿಯಲ್ಲಿ ಹಳೆಯ ತಮಿಳು ಸಿನಿಮಾ ಹಾಕಿಸಿಕೊಂಡು ಕೇಳುತ್ತಿದ್ದರು. ಪೇಂಟರನಿಗೆ ತಮಿಳು ಬಾರದು. ಅವನು ಸುಮ್ಮನೆ ನೋಡುತ್ತಿದ್ದ.

"ಅವಳು ಏನು ಹಾಕ್ಕೊಂಡಿದಾಳೆ?" ಒಂದು ದಿನ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

ಪೇಂಟರ್ ಅತ್ತಿತ್ತ ನೋಡಿದ. ಕೋಣೆಯಲ್ಲಿ ತಾನಲ್ಲದೆ ಬೇರೆ ಯಾರೂ ಇರಲಿಲ್ಲ. "ಯಾರು ಅತ್ತೆ?"

"ಈಗ ಅಳ್ತಾ ಇದಾಳಲ್ಲ, ಅವಳು."

"ಹಸಿರು ಬಟ್ಟೆ."

"ಹಸಿರು ಅಂದ್ರೆ? ನೂರು ಹಸಿರು ಇದೆ."

ಮನೆ ಮಾಲೀಕರಿಗೆ ಪೇಂಟರ್ ತಾನೇ ದಿನಾ ಹೇಳುವ ಮಾತು ಅದು. ಅವನು ಕಣ್ಣು ಕಿರಿದು ಮಾಡಿ ನೋಡಿದ. "ಆಸ್ಪತ್ರೆ ಗೋಡೆಗೆ ಹೊಡೀತಾರಲ್ಲ, ಆ ಹಸಿರಿಗೆ ಎರಡು ಹನಿ ಹಳದಿ ಬಿದ್ದ ಹಾಗಿದೆ. ಸ್ವಲ್ಪ ಮಾಸಿದೆ. ಆದ್ರೆ ಎಲ್ಲಾ ಕಡೆ ಒಂದೇ ಸಮ ಮಾಸಿದೆ."

ಅತ್ತೆ ಕುರ್ಚಿಯ ಕೈ ಮೇಲೆ ಬೆರಳು ಬಡಿದರು. "ಸೋಮಾರಿ ಕೆಲಸ ಅದು. ಮನುಷ್ಯ ಹೆಂಗೆ ಬದುಕ್ತಾನೋ ಬಟ್ಟೆ ಹಂಗೆ ಸವೀಬೇಕು. ಕೊಡ ಹೊರೋಳಿಗೆ ಸೊಂಟದ ಹತ್ರ, ಬರೆಯೋನಿಗೆ ಮೊಣಕೈ ಹತ್ರ. ಒಂದೇ ಸಮ ಮಾಸಿದ್ರೆ ಅದು ಬಕೆಟ್ಟಲ್ಲಿ ಮಾಸಿದ್ದು."

"ಅದ್ಸರಿ, ಅವಳು ಅಳೋದು ಯಾಕೆ?"

"ಗಂಡ ಹಡಗು ಹತ್ತಿ ಹೋಗ್ತಾನಂತೆ. ಇವಳಿಗೆ ಹೇಳಿದ್ದು ಸಂತೆಗೆ ಹೋಗ್ತೀನಿ ಅಂತ."

ಹೀಗೆ ಶುರುವಾಯಿತು. ಅವನಿಗೆ ಕಣ್ಣಿತ್ತು, ಭಾಷೆ ಇರಲಿಲ್ಲ. ಅವರಿಗೆ ಭಾಷೆ ಇತ್ತು, ಕಣ್ಣಿರಲಿಲ್ಲ. ಇಬ್ಬರೂ ಸೇರಿದರೆ ಒಂದು ಸಿನಿಮಾ ಪೂರ್ತಿಯಾಗುತ್ತಿತ್ತು. ಪೇಂಟರ್ ಬಣ್ಣವನ್ನು ತನ್ನ ಡಬ್ಬಿಗಳ ಲೆಕ್ಕದಲ್ಲಿ ಹೇಳುತ್ತಿದ್ದ. ಸೇನಾಪತಿಯ ಕೋಟು ರೆಡ್ ಆಕ್ಸೈಡ್, ಒಂದೇ ಕೈ ಹೊಡೆದದ್ದು. ರಾಣಿಯದು ಮಳೆ ನೀರು ಬಿದ್ದ ಸುಣ್ಣದ ಗೋಡೆ. ಇಷ್ಟು ಚೆನ್ನಾಗಿ ಬಣ್ಣ ಹೇಳುವವರನ್ನು ತಾನು ಸ್ಟುಡಿಯೋದಲ್ಲಿಯೂ ಕಂಡಿರಲಿಲ್ಲ ಎಂದು ಅತ್ತೆ ಮಗಳ ಹತ್ತಿರ ಹೇಳಿದರು. ಹೆಂಡತಿ ಆ ಮಾತನ್ನು ಗಂಡನಿಗೆ ತಲುಪಿಸಲು ಎರಡು ದಿನ ತೆಗೆದುಕೊಂಡಳು.

ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಇಬ್ಬರೂ ಸೇರಿ ಹಳೇ ಕಾಲದ ಕಥೆಯಿರುವ ತಮಿಳು ಸಿನಿಮಾಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸುವುದಕ್ಕೆ ಇಳಿದಿದ್ದರು. ಸಿನಿಮಾದ ಹೆಸರು ಪೇಂಟರನ ನಾಲಿಗೆಗೆ ಹತ್ತುತ್ತಿರಲಿಲ್ಲ. ಉಪ್ಪಿನ ಸಿನಿಮಾ, ರೈಲು ಸಿನಿಮಾ, ಕೋಟೆ ಸಿನಿಮಾ, ಹಡಗಿನ ಗಂಡ ಎಂದು ಅವನೇ ಹೆಸರಿಟ್ಟು, ಬಣ್ಣದ ಮಾದರಿ ತೋರಿಸುವ ಶೇಡ್ ಕಾರ್ಡಿನ ಹಿಂದೆ ಬರೆದುಕೊಂಡ. ಅತ್ತೆ ಬಟ್ಟೆಗೆ ಅಂಕ ಕೊಡುತ್ತಿದ್ದರು, ಅಳಿಯ ಗೋಡೆಗೆ. ರೈಲು ಸಿನಿಮಾವನ್ನು ಅವನು ಮೂರನೇ ಸ್ಥಾನದಿಂದ ಒಂಬತ್ತಕ್ಕೆ ಇಳಿಸಿದ್ದು ಗೋಡೆಯ ಕಾರಣಕ್ಕೆ.

"ಜಮೀನ್ದಾರನ ಮನೆ ಗೋಡೆಗೆ ರೋಲರ್ ಹೊಡೆದಿದಾರೆ ಅತ್ತೆ. ಗೆರೆ ಕಾಣ್ತಾ ಇದೆ. ಆ ಕಾಲದಲ್ಲಿ ರೋಲರ್ ಎಲ್ಲಿತ್ತು?"

"ಅವನ ಕೋಟಿನ ಕಾಲರ್ ಹೆಂಗಿದೆ ಅಂತ ನೀವೇ ಹೇಳಿದ್ರಲ್ಲ? ಕತ್ತಿನ ಜಿಡ್ಡು ಕೂಡ ಹಾಕಿದಾರೆ. ಗೋಡೆ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಹೆಂಡತಿ ಮಾತ್ರ ಆ ಕೋಣೆಗೆ ಬರುತ್ತಿರಲಿಲ್ಲ. ಭಾನುವಾರ ಇವರಿಬ್ಬರೂ ಸಿನಿಮಾ ಹಾಕಿದರೆ ಅವಳು ಅಡುಗೆಮನೆಯ ಕಪಾಟು ಒರೆಸುವ ಕೆಲಸ ಹುಡುಕಿಕೊಳ್ಳುವಳು. ಅವಳು ಬೆಳೆದದ್ದು ಅಜ್ಜಿಯ ಜೊತೆ. ತಂದೆ ಬೇಗ ತೀರಿಕೊಂಡಿದ್ದರು, ತಾಯಿ ಒಂದು ಚಿತ್ರೀಕರಣಕ್ಕೆ ಹೋದರೆ ಎರಡು ತಿಂಗಳು, ಮೂರು ತಿಂಗಳು. ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತೇನೆಂದವರು ಬಂದದ್ದು ಒಂದೇ ಸಲ, ಅದೂ ಕಾರ್ಯಕ್ರಮ ಮುಗಿದ ಮೇಲೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳು ಪೇಂಟರನಿಗೆ ಹೇಳಿದ್ದಳು: "ಅಮ್ಮ ಆ ಬಟ್ಟೆಗಳಿಗೆ ಕೊಟ್ಟಷ್ಟು ಹೊತ್ತು ನನಗೆ ಕೊಡಲಿಲ್ಲ." ಮತ್ತೆ ಆ ಮಾತು ಎತ್ತಿರಲಿಲ್ಲ.

ಹೀಗಿರುವಾಗ ಅತ್ತೆಗೆ ಒಂದು ಫೋನು ಬಂತು. ಹಾಳಾದ ಹಳೆಯ ಸಿನಿಮಾಗಳನ್ನು ಸರಿಪಡಿಸುವ ಒಂದು ಸಂಸ್ಥೆಯ ಯುವತಿ. ಕನ್ನಡದಲ್ಲೇ ಮಾತಾಡಿದಳು.

"ಅಮ್ಮಾ, ನೀವು ಕೆಲಸ ಮಾಡಿದ್ದ ಆ ಕೋಟೆ ಕಥೆ ಚಿತ್ರ ಸರಿ ಮಾಡ್ತಾ ಇದೀವಿ. ಸಿಕ್ಕಿರೋ ಒಂದೇ ಒಂದು ಪ್ರತಿ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಆಕಾಶನೂ ಗುಲಾಬಿ, ಕುದುರೆನೂ ಗುಲಾಬಿ. ಉಳಿದಿದ್ದೆಲ್ಲ ಹೇಗೋ ಅಂದಾಜು ಮಾಡಬಹುದು. ಅಡುಗೆಯವಳು ಹೊದ್ದಿರೋ ಶಾಲಿನ ಬಣ್ಣ ಯಾರಿಗೂ ಗೊತ್ತಿಲ್ಲ. ಡೈರೆಕ್ಟರು ಇಲ್ಲ, ಕ್ಯಾಮೆರಾದವರೂ ಇಲ್ಲ. ಬಟ್ಟೆ ವಿಭಾಗದಲ್ಲಿ ಇದ್ದೋರಲ್ಲಿ ನೀವೊಬ್ಬರೇ ಸಿಕ್ಕಿದ್ದು."

ಕೋಟೆ ಸಿನಿಮಾ ಶೇಡ್ ಕಾರ್ಡಿನ ಪಟ್ಟಿಯಲ್ಲಿ ಒಂದನೆಯದು. ಅದು ಟೀವಿಯಲ್ಲಿ ಬರುತ್ತಿರಲಿಲ್ಲ, ಪೇಂಟರ್ ನೋಡಿಯೂ ಇರಲಿಲ್ಲ, ಅತ್ತೆಯ ಮಾತಿನ ಮೇಲೆಯೇ ಅದಕ್ಕೆ ಆ ಸ್ಥಾನ ಸಿಕ್ಕಿತ್ತು. ಶತ್ರುಗಳು ಸುತ್ತುವರಿದ ಕೋಟೆಯಿಂದ ಒಬ್ಬ ಅಡುಗೆಯವಳು ಹೊರಗೆ ಸುದ್ದಿ ಒಯ್ಯುವ ಕಥೆ. ಅವಳು ಕಲ್ಲಿನ ಬಣ್ಣದ ದಾರಿಯಲ್ಲಿ ಶಾಲು ಹೊದ್ದು ಒಬ್ಬಳೇ ನಡೆದು ಹೋಗುವ ದೃಶ್ಯವನ್ನು ನೋಡಿದವರೆಲ್ಲ ನೆನಪಿಟ್ಟುಕೊಂಡಿದ್ದರು. ಆ ಬಣ್ಣದ ಬಗ್ಗೆ ಪತ್ರಿಕೆಗಳಲ್ಲಿ ಬರೆದದ್ದೂ ಉಂಟು. ಒಬ್ಬರು ಕಂದು ಎಂದಿದ್ದರು, ಒಬ್ಬರು ನೇರಳೆ ಎಂದಿದ್ದರು.

"ಬಾಯಲ್ಲಿ ಹೇಳಿದ್ರೆ ಆಗಲ್ಲ," ಅತ್ತೆ ಹೇಳಿದರು. "ಬಟ್ಟೆಗೇ ಬಣ್ಣ ಹಾಕಿ ಕಳಿಸ್ತೀನಿ."

ಫೋನು ಇಟ್ಟ ಮೇಲೆ ಅಳಿಯನತ್ತ ಮುಖ ತಿರುಗಿಸಿದರು. "ಕಳಿಸ್ತೀನಿ ಅಂದುಬಿಟ್ಟೆ. ಕೈ ನಿಮ್ಮದೇ."

ಮರುದಿನ ಪೇಂಟರ್ ಕೆಲಸಕ್ಕೆ ರಜೆ ಹಾಕಿದ. ದಪ್ಪ ಹತ್ತಿಯ ಬಿಳಿ ಬಟ್ಟೆ, ಗ್ರಂಥಿಗೆ ಅಂಗಡಿಯಿಂದ ಕೆಂಪು ಬಣ್ಣ ಬಿಡುವ ಮಂಜಿಷ್ಠದ ಬೇರು, ಪಟಿಕ, ಒಂದು ದೊಡ್ಡ ಕಬ್ಬಿಣದ ಬಾಣಲೆ ಹೊಂದಿಸಿದ. ಬಾಣಲೆ ಹೆಂಡತಿಯದು. ಕೇಳಿಯೇ ತೆಗೆದುಕೊಂಡ ಎನ್ನುವ ಹಾಗಿರಲಿಲ್ಲ. ಅತ್ತೆ ಒಲೆಯಿಂದ ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಆವಿಯ ವಾಸನೆ ಹಿಡಿದೇ ಆಜ್ಞೆ ಕೊಡುತ್ತಿದ್ದರು. "ಈಗ ಉರಿ ಸಣ್ಣ ಮಾಡಿ. ಕುದಿಸಿದ್ರೆ ಕೆಂಪು ಸಾಯುತ್ತೆ. ತಿರುವಿ, ತಿರುವಿ. ಗೋಡೆಗೆ ಹೊಡೀತಾ ಇಲ್ಲ ನೀವು, ಮಗುಗೆ ನೀರು ಹಾಕೋ ಹಾಗೆ ತಿರುವಿ."

"ಎಷ್ಟು ಹೊತ್ತು ನೆನೀಬೇಕು?"

"ಒಂದು ರಾತ್ರಿ."

ಬೆಳಿಗ್ಗೆ ಬಟ್ಟೆ ಹಿಂಡಿ ಒಣಗಿಸಿದರು. ಚಂದದ ಕೆಂಪು. ಮಂಕಾದ, ಇಟ್ಟಿಗೆಯ ಮೇಲೆ ಬಿಸಿಲು ಬಿದ್ದ ಹಾಗಿದ್ದ ಕೆಂಪು. ಅತ್ತೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ ಮಡಿಸಿ ಕೊಟ್ಟರು. ಪೇಂಟರ್ ಅದನ್ನು ಕೊರಿಯರಿನಲ್ಲಿ ಕಳಿಸಿದ.

ನಾಲ್ಕನೆಯ ದಿನ ಯುವತಿಯ ಫೋನು. ತುಂಬಾ ಮೆತ್ತಗೆ ಮಾತಾಡಿದಳು. ಬಣ್ಣ ಹೋಗಿದ್ದರೂ ಆ ಪ್ರತಿಯಲ್ಲಿ ಕಪ್ಪು ಬಿಳುಪಿನ ಪ್ರಮಾಣ ಉಳಿದಿದೆಯಂತೆ. ಚಿತ್ರದಲ್ಲಿರುವ ಶಾಲು ಈ ಬಟ್ಟೆಗಿಂತ ಎಷ್ಟೋ ಕಡು. "ಬೇರೆ ಶಾಲು ಏನಾದ್ರೂ ಇತ್ತಾ ಅಮ್ಮಾ? ನೆನಪು ಮಾಡ್ಕೊಳ್ಳಿ, ಅವಸರ ಇಲ್ಲ."

"ನೋಡ್ತೀನಿ," ಎಂದರು ಅತ್ತೆ. ನೋಡುತ್ತೇನೆ ಎಂಬ ಮಾತನ್ನು ಅವರು ಬಿಟ್ಟಿರಲಿಲ್ಲ.

ಎರಡು ದಿನ ಅವರು ಸಿನಿಮಾ ಹಾಕಿಸಲಿಲ್ಲ. ಪೇಂಟರ್ ತಾನಾಗಿ ಹಾಕಿದರೆ, ತಲೆ ನೋವು ಎಂದರು. ಅವನಿಗೆ ಪಾಪ ಎನ್ನಿಸಿತು. ವಯಸ್ಸಾಗಿದೆ, ಮರೆತಿದ್ದಾರೆ, ಒಪ್ಪಿಕೊಳ್ಳುವುದಕ್ಕೆ ನಾಚಿಕೆ ಎಂದುಕೊಂಡ. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಿದ್ದಾಗ ಪಿಸುದನಿಯಲ್ಲಿ ಹೇಳಿದ: "ಅತ್ತೆಗೆ ನೆನಪಿಲ್ಲ. ನಾನೇ ಸ್ವಲ್ಪ ಕಪ್ಪು ಸೇರಿಸಿ ಇನ್ನೊಂದು ಮಾಡಿ ಕಳಿಸಿಬಿಡ್ಲಾ? ಅವರಿಗೆ ಹೇಳೋದು ಬೇಡ."

ಕಣ್ಣು ಹೋದ ಮೇಲೆ ಅತ್ತೆಯ ಕಿವಿ ಎಷ್ಟು ಚುರುಕಾಗಿದೆ ಎಂಬುದನ್ನು ಅವನು ಮರೆತಿದ್ದ.

"ನೆನಪಿದೆ," ಒಳಗಿನಿಂದ ದನಿ ಬಂತು. "ಇಬ್ಬರೂ ಇಲ್ಲಿ ಬನ್ನಿ."

ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಎರಡೂ ಕೈ ತೊಡೆಯ ಮೇಲೆ.

"ಅದು ತಪ್ಪಾಗಿ ಆದ ಬಣ್ಣ," ಎಂದರು. "ಒಂದು ರಾತ್ರಿ ನೆನೆಸಿ ತೆಗೀಬೇಕಿತ್ತು. ತೆಗೀಲಿಲ್ಲ. ಬಾಣಲೆ ಕಬ್ಬಿಣ ಬಟ್ಟೆನ ಕಚ್ಚಿಬಿಡ್ತು. ಹೋಗಿ ನೋಡೋ ಹೊತ್ತಿಗೆ ಕೆಂಪು ಹೋಗಿ ಇನ್ನೇನೋ ಆಗಿತ್ತು. ಎದೆ ಒಡೆದುಹೋಯ್ತು. ಮಾರನೇ ದಿನ ಶೂಟಿಂಗು, ಬೇರೆ ಬಟ್ಟೆ ಇಲ್ಲ. ಡೈರೆಕ್ಟರ್ ಮುಂದೆ ಹಿಡಿದೆ. ಅವರು ಬಟ್ಟೆನ ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ, ಇದನ್ನ ನೀನು ಹೇಗೆ ಯೋಚನೆ ಮಾಡಿದೆ ಅಂತ ಕೇಳಿದ್ರು. ನಾನು ಬಾಯಿ ಬಿಡಲಿಲ್ಲ. ಆವತ್ತಿಂದ ಎಲ್ಲರೂ ಆ ಬಣ್ಣ ಹೊಗಳಿದ್ರು, ಅದರ ಮೇಲೇ ನನಗೆ ಹತ್ತು ವರ್ಷ ಕೆಲಸ ಸಿಕ್ತು. ಈಗ ಹೋಗಿ ಅದು ಕೈ ತಪ್ಪಿದ್ದು ಅಂತ ಹೇಳ್ಲಾ? ಅದಕ್ಕೇ ಸರಿಯಾದ ಪಾಕ ಹೇಳಿ ಕಳಿಸಿದೆ."

"ಅಷ್ಟೇನಾ?" ಪೇಂಟರನಿಗೆ ನಗು ಬಂತು. "ನಾನು ಒಂದು ಮನೆ ಪಡಸಾಲೆಗೆ ತಪ್ಪಿ ಬೇರೆ ಡಬ್ಬಿ ಬಣ್ಣ ಹೊಡೆದು, ಮಾಲೀಕರ ಕೈಲಿ ಹೊಗಳಿಸ್ಕೊಂಡಿದೀನಿ. ಎಷ್ಟು ದಿನ ಬಿಟ್ಟಿದ್ರಿ ಬಾಣಲೇಲಿ?"

ಅತ್ತೆ ಮಗಳಿದ್ದ ಕಡೆಗೆ ಮುಖ ಮಾಡಿದರು.

"ಇವಳು ಹುಟ್ಟೋಕೆ ಎಷ್ಟು ದಿನ ಹಿಡೀತೋ ಅಷ್ಟು."

ಹೆಂಡತಿ ಕೈಚೀಲವನ್ನು ಇನ್ನೂ ಭುಜದಿಂದ ಇಳಿಸಿರಲಿಲ್ಲ.

"ಬಟ್ಟೆ ಮುಳುಗಿಸಿ ಕೋಲು ಇಡೋಕೂ ನೋವು ಬರೋಕೂ ಸರಿ ಹೋಯ್ತು," ಅತ್ತೆ ಹೇಳಿದರು. "ದಿನ ತುಂಬೋಕೆ ಇನ್ನೂ ಎರಡು ವಾರ ಇತ್ತು, ಅದಕ್ಕೇ ಕೆಲಸಕ್ಕೆ ಹೋಗಿದ್ದೆ. ಲೈಟಿನವರು ವ್ಯಾನಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಬಿಟ್ರು. ಬಿಟ್ಟ ಮೇಲೆ ಬಾಣಲೆ ನೆನಪು ಯಾರಿಗಿರುತ್ತೆ? ನನಗೂ ಇರಲಿಲ್ಲ. ಹಾಲು ಕುಡಿಸ್ತಾ ಇರೋವಾಗ ತಟ್ಟಂತ ನೆನಪಾಯ್ತು. ಡಿಸ್ಚಾರ್ಜ್ ಆದ ತಕ್ಷಣ ನಿನ್ನ ಎತ್ಕೊಂಡು ನೆಟ್ಟಗೆ ಬಣ್ಣ ಹಾಕೋ ಶೆಡ್ಡಿಗೆ ಹೋದೆ."

"ಮೂರು ದಿನದ ಮಗೂನ ಬಣ್ಣದ ಶೆಡ್ಡಿಗೆ ತಗೊಂಡು ಹೋದ್ಯಾ?"

"ಎಲ್ಲಿ ಬಿಟ್ಟು ಹೋಗ್ಲಿ? ಬಟ್ಟೆ ಮೂಟೆ ಮೇಲೆ ಮಲಗಿಸಿದ್ದೆ. ಚೆನ್ನಾಗಿ ನಿದ್ದೆ ಮಾಡಿದೆ. ನಾನು ಶಾಲು ಹಿಂಡೋವಾಗ ಒಂದು ಹನಿ ನಿನ್ನ ಹಣೆ ಮೇಲೆ ಬಿತ್ತು. ಒಂದು ವಾರ ಹೋಗಲಿಲ್ಲ. ನಿಮ್ಮಜ್ಜಿ ಅದು ಹುಟ್ಟುಮಚ್ಚೆ ಅಂದ್ಕೊಂಡಿದ್ರು. ನಾನು ಹೌದು ಅಂದೆ."

ಹೆಂಡತಿ ಹಣೆ ಮುಟ್ಟಿಕೊಂಡಳು. ನಗುತ್ತಾಳೋ ಅಳುತ್ತಾಳೋ ಪೇಂಟರನಿಗೆ ತಿಳಿಯಲಿಲ್ಲ. ಅವಳು ಎರಡನ್ನೂ ಮಾಡದೆ ಒಳಗೆ ಹೋದಳು. ಕಪಾಟು ತೆಗೆದ ಸದ್ದು, ಕಾಗದ ಮಗುಚಿದ ಸದ್ದು. ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮನೆಯಲ್ಲಿಯೂ ಒಂದು ಚೀಟಿ ಬಿಸಾಡುವವಳಲ್ಲ. ಹಳದಿಗಟ್ಟಿದ ಒಂದು ಆಸ್ಪತ್ರೆ ಕಾಗದ ಹಿಡಿದು ಬಂದಳು.

"ದಾಖಲಾದದ್ದು ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಬಿಡುಗಡೆ ಗುರುವಾರ ಮಧ್ಯಾಹ್ನ ಮೂರು," ಎಂದು ಓದಿದಳು. "ಶೆಡ್ಡಿಂದ ಆಸ್ಪತ್ರೆಗೆ ಎಷ್ಟು ದೂರ?"

"ಅರ್ಧ ಗಂಟೆ."

"ಹೋಗೋಕೆ ಅರ್ಧ, ಬರೋಕೆ ಅರ್ಧ. ಎಪ್ಪತ್ತಾರು ಗಂಟೆ ನಲವತ್ತು ನಿಮಿಷ." ಅವಳು ಗಂಡನ ಕಡೆ ತಿರುಗಿದಳು. "ನನ್ನ ಬಾಣಲೆ ತಗೊಂಡಿದ್ದು ಹೆಂಗೂ ಗೊತ್ತಾಗಿದೆ. ತನ್ನಿ ಅದನ್ನ."

ಆ ಸಂಜೆಯೇ ಮತ್ತೊಮ್ಮೆ ಬೇರು ಕುಟ್ಟಿದರು. ಈ ಸಲ ಉರಿ ನೋಡಿದ್ದು ಹೆಂಡತಿ. ಥರ್ಮಾಮೀಟರ್ ತಂದು ಬಾಣಲೆಗೆ ಇಳಿಬಿಟ್ಟಳು. "ಆವಾಗ ಥರ್ಮಾಮೀಟರ್ ಎಲ್ಲಿತ್ತು?" ಎಂದು ಅತ್ತೆ ಗೊಣಗಿದರು. "ಬೆರಳು ಅದ್ದಿ ನೋಡ್ತಿದ್ದೆ." ಹೆಂಡತಿ ಅಮ್ಮನ ಕೈ ಹಿಡಿದು, ಹುಷಾರಾಗಿ, ತೋರುಬೆರಳ ತುದಿಯನ್ನು ನೀರಿಗೆ ಸೋಕಿಸಿ ತೆಗೆದಳು. "ಇಷ್ಟಾ?" "ಇನ್ನೊಂಚೂರು." ಮತ್ತೆ ಸೋಕಿಸಿದಳು. "ಹಾಂ, ಇಷ್ಟು." ಹೆಂಡತಿ ಥರ್ಮಾಮೀಟರ್ ನೋಡಿ ಅಂಕಿ ಬರೆದುಕೊಂಡಳು.

ನಂತರದ ಮೂರು ದಿನ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಣಲೆಯ ಪಕ್ಕದಲ್ಲಿ ಕೂತು ಅತ್ತೆ ಕಥೆ ಹೇಳಿದರು, ಹೆಂಡತಿ ಮೊಣಕಾಲ ಮೇಲೆ ಗಲ್ಲ ಊರಿ ಕೇಳಿದಳು. ಯಾವ ನಟ ತನ್ನ ಅಂಗಿಗೆ ಕೊಳೆ ಹಚ್ಚಲು ಬಿಡುತ್ತಿರಲಿಲ್ಲ, ಯಾವ ಕುದುರೆ ಸೈನಿಕರ ಸೊಂಟಪಟ್ಟಿ ತಿಂದುಬಿಟ್ಟಿತು ಎಂಬುದೆಲ್ಲ ಬಂತು. ಶಾಲೆಯ ವಾರ್ಷಿಕೋತ್ಸವದ ಮಾತೂ ಬಂತು.

"ತಡವಾಗಿ ಬಂದೆ," ಅತ್ತೆ ಹೇಳಿದರು. "ಬಸ್ಸು ಕೆಟ್ಟಿತ್ತು ಅಂತ ನಿನಗೆ ಹೇಳಿದ್ದೆ. ಸುಳ್ಳು. ಕೆಲಸ ಬಿಟ್ಟು ಏಳೋಕೆ ಮನಸ್ಸು ಬರಲಿಲ್ಲ. ಆ ಕೆಲಸ ಅಂದ್ರೆ ನನಗೆ ಅಷ್ಟು ಇಷ್ಟ ಇತ್ತು ಕಣೇ. ಸಂಬಳಕ್ಕೆ ಮಾತ್ರ ಅಂದ್ರೆ ಸುಳ್ಳಾಗುತ್ತೆ."

ಹೆಂಡತಿ ಕೋಲಿನಿಂದ ಬಟ್ಟೆಯನ್ನು ಒಮ್ಮೆ ಒತ್ತಿ ಮುಳುಗಿಸಿದಳು. "ಬಸ್ಸು ಕೆಟ್ಟಿರಲಿಲ್ಲ ಅಂತ ನನಗೆ ಆವಾಗ್ಲೇ ಗೊತ್ತಿತ್ತು," ಎಂದಳು. "ನಿನ್ನ ಉಗುರಲ್ಲಿ ನೀಲಿ ಬಣ್ಣ ಇನ್ನೂ ಹಸಿಯಾಗಿತ್ತು." ಕೋಲನ್ನು ಬಾಣಲೆಯ ಅಂಚಿಗೆ ಒರಗಿಸಿ, "ನಿಜ ಹೇಳಿದ್ಯಲ್ಲ, ಬಿಡು," ಎಂದಳು.

ಗಂಟೆ ತುಂಬಿದ ಕೂಡಲೇ ಬಟ್ಟೆ ತೆಗೆದರು. ಒಣಗಿದ ಮೇಲೆ ಅತ್ತೆ ಅದನ್ನು ಬೆರಳುಗಳ ನಡುವೆ ಉಜ್ಜಿದರು. ಕಬ್ಬಿಣ ಕಚ್ಚಿದ ಬಟ್ಟೆ ಒರಟಾಗಿರುತ್ತದೆ. ಮೊದಲಿನದು ಮೆತ್ತಗಿತ್ತು, ಅದಕ್ಕೇ ಅದು ಸರಿಯಿಲ್ಲವೆಂದು ಅವರಿಗೆ ಅಂದೇ ಗೊತ್ತಿತ್ತು. ಈಗ ಅವರ ಮುಖ ಸಡಿಲವಾಯಿತು.

"ಇದೇ. ಬಣ್ಣ ಹೇಳಿ ಅಳಿಯಂದ್ರೆ."

ಪೇಂಟರ್ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ರೆಡ್ ಆಕ್ಸೈಡಿಗೆ ಮೂರು ಹನಿ ಕಪ್ಪು, ಒಂದು ಹನಿ ನೀಲಿ ಎಂದು ಶುರು ಮಾಡಿ ನಿಲ್ಲಿಸಿದ. ಅವನ ಡಬ್ಬಿಗಳಲ್ಲಿ ಆ ಬಣ್ಣ ಇರಲಿಲ್ಲ. ಕಂದು ಎಂದರೆ ಕಂದು, ವಾಲಿಸಿದರೆ ನೇರಳೆ, ಮಡಿಕೆಯ ಒಳಗೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. "ಗೋಡೆಗೆ ಬರಲ್ಲ ಅತ್ತೆ ಇದು," ಎಂದ. "ಬಟ್ಟೆಗೇ ಸರಿ." ಅಂಚನ್ನು ಸವೆಸಲು ಅತ್ತೆ ಇಟ್ಟಿಗೆ ಚೂರು ಕೇಳಿದಾಗ ಅವನು ತಾನು ಗೋಡೆ ಉಜ್ಜುವ ನೂರಿಪ್ಪತ್ತನೆಯ ನಂಬರಿನ ಉಪ್ಪುಕಾಗದ ಕೊಟ್ಟ. ಅವರು ಉಜ್ಜಿ ನೋಡಿ, ಇದು ಮೊದಲೇ ಗೊತ್ತಿದ್ದರೆ ತನ್ನ ಮೂವತ್ತು ವರ್ಷದ ಕೈನೋವು ತಪ್ಪುತ್ತಿತ್ತು ಎಂದರು.

ಬಟ್ಟೆಯ ಜೊತೆ ಒಂದು ಪತ್ರವೂ ಹೋಯಿತು. ಅತ್ತೆ ಹೇಳಿದರು, ಹೆಂಡತಿ ಬರೆದಳು. ಬಣ್ಣ ಹೇಗಾಯಿತು ಎಂಬುದು ಅದರಲ್ಲಿ ಇದ್ದದ್ದಿದ್ದ ಹಾಗೆ ಇತ್ತು. ವಾರದ ನಂತರ ಯುವತಿ ಫೋನು ಮಾಡಿ, ಅಳೆದದ್ದೆಲ್ಲ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು ಎಂದಳು. ಮತ್ತೆ, ಆ ಪತ್ರವನ್ನು ತಮ್ಮ ಆಫೀಸಿನಲ್ಲಿ ಎಲ್ಲರೂ ಎರಡೆರಡು ಸಲ ಓದಿದರು ಎಂದಳು. ಅತ್ತೆ, ಆ ಗುಲಾಬಿ ಆಕಾಶವನ್ನು ಮಾತ್ರ ಬೇಗ ಸರಿ ಮಾಡಿ ಎಂದರು.

ಚಿತ್ರ ಮತ್ತೆ ತೆರೆಗೆ ಬಂದದ್ದು ಐದು ತಿಂಗಳಿಗೆ. ಬೆಳಗಿನ ಪ್ರದರ್ಶನ. ಅತ್ತೆಯನ್ನು ನಡುವೆ ಕೂಡಿಸಿಕೊಂಡು ಮೂವರೂ ಹೋದರು. ಪೇಂಟರ್ ಬಗ್ಗಿ ಕಿವಿಯಲ್ಲಿ ಹೇಳುತ್ತಿದ್ದ. ಮುಂದಿನ ಸಾಲಿನ ಗಂಡಸೊಬ್ಬ ಎರಡು ಸಲ ತಿರುಗಿ ನೋಡಿ, ಅತ್ತೆಯ ಕರಿ ಕನ್ನಡಕ ಕಂಡು ಸುಮ್ಮನಾದ. ಅಡುಗೆಯವಳು ಕೋಟೆಯ ಸಣ್ಣ ಬಾಗಿಲಿನಿಂದ ಹೊರಬಂದಾಗ ಪೇಂಟರ್ ಬಾಯಿ ತೆರೆದ, ಆದರೆ ಅಷ್ಟರಲ್ಲಿ ಹೆಂಡತಿ ಅಮ್ಮನ ಮೊಣಕೈ ಹಿಡಿದಿದ್ದಳು.

"ಬರ್ತಾ ಇದಾಳೆ ಅಮ್ಮ," ಎಂದಳು. "ಹೊದ್ದಿದಾಳೆ. ಬಂಡೆ ಹತ್ರ ನಿಂತಳು. ಬಿಸಿಲಲ್ಲಿ ಕೆಂಪು. ನೆರಳಿಗೆ ಹೋದಳು, ಈಗ ನೇರಳೆ. ಒಂದು ಕಡೆ ಅಂಚು ಸವೆದಿದೆ."

"ಯಾವ ಕಡೆ?"

"ಎಡಗಡೆ."

"ಸರಿ. ಅವಳು ಒಲೆ ಊದೋಳು. ಊದೋವಾಗ ಎಡಗೈಲಿ ಅಂಚನ್ನ ಹಿಡ್ಕೋತಾಳೆ."

ಹೊರಗೆ ಬಂದ ಮೇಲೆ, ಮೆಟ್ಟಿಲು ಇಳಿಯುತ್ತ, ಅತ್ತೆ ಒಂದು ಬಾಂಬು ಹಾಕಿದರು. ಇಷ್ಟು ದಿನ ಬಟ್ಟೆಯ ಮೇಲಿನ ಮಮತೆಯಿಂದ ಈ ಸಿನಿಮಾವನ್ನು ಮೊದಲನೆಯದು ಮಾಡಿದ್ದೆ, ಇಂದು ಕೂತು ಕೇಳಿದರೆ ಮಾತು ವಿಪರೀತ, ಸಾಯುವವನು ಕೂಡ ಕಾಲು ಗಂಟೆ ಭಾಷಣ ಮಾಡುತ್ತಾನೆ, ಎರಡನೇ ಸ್ಥಾನಕ್ಕೆ ಇಳಿಸಿ ಎಂದರು.

"ಅತ್ತೆ, ನಾಲ್ಕು ದಿನ ಬಾಣಲೆ ಕಾದಿದೀವಿ ಇದಕ್ಕೆ."

"ಬಾಣಲೆ ಬೇರೆ, ಸಿನಿಮಾ ಬೇರೆ. ಉಪ್ಪಿನ ಸಿನಿಮಾನೇ ಒಂದನೇದು."

ಹೆಂಡತಿ ಉಪ್ಪಿನ ಸಿನಿಮಾ ನೋಡಿರಲಿಲ್ಲ. ಮುಂದಿನ ಭಾನುವಾರ ಅಡುಗೆಮನೆಯ ಸ್ಟೂಲನ್ನು ತಂದು ಅವರಿಬ್ಬರ ನಡುವೆ ಹಾಕಿಕೊಂಡು ಕೂತಳು. ಅವಳಿಗೂ ತಮಿಳು ಅರ್ಧಂಬರ್ಧ. ಪೇಂಟರ್ ಒಂದು ಕಡೆ ಬಣ್ಣ ಹೇಳಬೇಕು, ಅತ್ತೆ ಇನ್ನೊಂದು ಕಡೆ ಮಾತು ಹೇಳಬೇಕು, ಅವಳು ಐದು ನಿಮಿಷಕ್ಕೊಮ್ಮೆ ಕಥೆ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಎರಡೂವರೆ ಗಂಟೆಯ ಸಿನಿಮಾ ಮುಗಿಯಲು ಸಂಜೆಯಾಯಿತು.

"ಆ ಗಡ್ಡದೋನು ಒಳ್ಳೆಯೋನೋ ಕೆಟ್ಟೋನೋ?" ಎಂದು ಅವಳು ಆರನೆಯ ಸಲ ಕೇಳಿದಳು.

"ಸುಮ್ಮನೆ ನೋಡೇ," ಎಂದರು ಅತ್ತೆ, ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ.